ಗರಿ ಬಿಚ್ಚಿದ ನವಿಲಿನ ಪಾನಾ

ಹೊಳೆಯ ದಂಡೆಯಲ್ಲಿ ಒಂದು ಪಂಪ್‌ಹೌಸ್ ಇತ್ತು. ಊರಿಗೆ ನೀರು ಕೊಡುವ ಕೆಲಸ ಬೇರೆ ಕಡೆಗೆ ಹೋದ ಮೇಲೆ ಅದರಲ್ಲಿ ಉಳಿದದ್ದು ಒಂದು ಹಳೆಯ ಪಂಪು, ನಾಲ್ಕು ಗೋಡೆ, ಮತ್ತು ಕೊಟ್ರಮ್ಮ ಅಕ್ಕೋರು.

ಅದನ್ನು ಆಶ್ರಮ ಅಂತ ಯಾರೂ ಕರೆಯುತ್ತಿರಲಿಲ್ಲ. ಆದರೆ ಅಲ್ಲಿ ಗುರು ಇದ್ದರು, ಶಿಷ್ಯ ಇದ್ದ, ಬೆಳಗ್ಗೆ ಎದ್ದು ಗುಡಿಸಲಿಕ್ಕೆ ಬೇಕಾದಷ್ಟು ಕಸ ಇತ್ತು. ಆಶ್ರಮಕ್ಕೆ ಇನ್ನೇನು ಬೇಕು.

ಅಕ್ಕೋರು ಐಟಿಐಯಲ್ಲಿ ಫಿಟ್ಟರ್ ಪಾಠ ಹೇಳಿ ನಿವೃತ್ತರಾದವರು. ಈಗ ಹಳೆಯ ಸ್ಕ್ರೂ ಪಾನಾಗಳ ಜಾತಕ ಹೇಳುತ್ತಿದ್ದರು. ಹೆಬ್ಬೆರಳಲ್ಲಿ ಉರುಳೆ ತಿರುಗಿಸಿದರೆ ಬಾಯಿ ಹಿಗ್ಗಿಸಿಕೊಂಡು, ಕುಗ್ಗಿಸಿಕೊಂಡು ಯಾವ ನಟ್ಟನ್ನಾದರೂ ಕಚ್ಚುತ್ತದಲ್ಲ, ಆ ಪಾನಾ.

ಯಾರ ಮನೆಯ ಅಟ್ಟದಲ್ಲಿ ಸಿಕ್ಕರೂ ಅದು ಇಲ್ಲಿಗೆ ಬರುತ್ತಿತ್ತು. ಎಲ್ಲಿಯದು, ಯಾವ ಕಾಲದ್ದು ಅಂತ ಅಕ್ಕೋರು ಹೇಳಿದರೆ ಮುಗಿಯಿತು. ಹಳೇ ಸಾಮಾನು ಕೂಡಿಡುವ ಹುಚ್ಚಿನವರು ಜಗಳಗಂಟರು. ಅವರೂ ಅಕ್ಕೋರ ಮಾತಿನ ಮೇಲೆ ಎರಡನೇ ಮಾತು ಆಡುತ್ತಿರಲಿಲ್ಲ.

ಹಾಲೇಶ ತನ್ನ ಮೋಟಾರು ರಿಪೇರಿ ಅಂಗಡಿಯನ್ನು ತಮ್ಮನಿಗೆ ಬಿಟ್ಟು ಬಂದವನು.

"ಏನು ಕಲೀಬೇಕು?" ಅಂತ ಅಕ್ಕೋರು ಮೊದಲ ದಿನ ಕೇಳಿದರು.

"ಪಾನಾ ನೋಡಿ ಕಾಲ ಹೇಳೋದು."

ಅಕ್ಕೋರು ಗೋಡೆಯಿಂದ ಒಂದನ್ನು ಇಳಿಸಿ ಅವನ ಕೈಗಿಟ್ಟರು. ಹಾಲೇಶ ಜೇಬಿನಿಂದ ಭೂತಗನ್ನಡಿ ತೆಗೆದ. ಮನೆಯಿಂದಲೇ ತಯಾರಾಗಿ ಬಂದಿದ್ದ.

"ಇದು ಹುಟ್ಟಿದ್ದು ಸಾವಿರದ ಒಂಬೈನೂರ ಹದಿನೈದರಲ್ಲಿ," ಅಂದ.

"ಯಾರು ಹೇಳಿದ್ದು?"

"ಇಲ್ಲೇ ಒತ್ತಿದಾರಲ್ಲ. ಪೇಟೆಂಟ್ ಅಂತ, ಪಕ್ಕದಲ್ಲಿ ವರ್ಷ."

"ಆ ವರ್ಷ ಯಾರಿಗೋ ಒಂದು ಯೋಚನೆ ಬಂತು. ಕಳ್ಳರಿಗೆ ಸಿಗದಿರಲಿ ಅಂತ ಬರೆಸಿಟ್ಟ. ಆಮೇಲೆ ಎಷ್ಟೋ ವರ್ಷ ಅದೇ ಅಚ್ಚು ಒತ್ತುತ್ತಾ ಹೋದರು. ನಿನ್ನ ಕೈಲಿರೋದು ಯೋಚನೆನಾ, ಕಬ್ಬಿಣಾನಾ?"

"ಕಬ್ಬಿಣ."

"ಹಂಗಾದ್ರೆ ಕಬ್ಬಿಣಾನ ಕೇಳು."

ಹಾಲೇಶ ಅವತ್ತೇ ಅಲ್ಲಿ ಉಳಿದುಕೊಂಡ.

ಕಬ್ಬಿಣವನ್ನು ಕೇಳುವುದು ಸುಲಭವಿರಲಿಲ್ಲ. ಹಿಡಿಯ ನಡು ತಗ್ಗಾಗಿದೆಯೋ ಸಪಾಟಾಗಿದೆಯೋ ನೋಡಬೇಕು. ಉರುಳೆಯ ಮರೆ, ಅಂದರೆ ಅದರ ಮೈಮೇಲಿನ ಸುರುಳಿ ಗೀರು, ಎಡಕ್ಕೆ ಸುತ್ತಿದೆಯೋ ಬಲಕ್ಕೋ ನೋಡಬೇಕು. ಬಾಲದಲ್ಲಿ ತೂಗುಹಾಕುವ ತೂತು ಇದೆಯೋ ಇಲ್ಲವೋ. ಬಾಯಿ ಒಂದು ಕಾಲದ್ದು, ಹಿಡಿ ಇನ್ನೊಂದು ಕಾಲದ್ದು ಇರುವುದೂ ಉಂಟು, ಕೆಲವು ಮನೆಗಳ ಸಂಸಾರದ ಹಾಗೆ.

ಹಾಲೇಶನಿಗೆ ಎಲ್ಲಕ್ಕಿಂತ ಹಿಡಿಸಿದ್ದು ನವಿಲು. ನವಿಲು ಗುರುತಿನ ಪಾನಾ ಆ ಸೀಮೆಯ ಮಿಲ್ಲುಗಳಲ್ಲೆಲ್ಲ ಇರುತ್ತಿತ್ತು. ಮೊದಲು ಬಂದವುಗಳ ಮೇಲೆ ನವಿಲು ಗರಿ ಮಡಚಿಕೊಂಡು ನಿಂತಿರುತ್ತದೆ. ಎಪ್ಪತ್ತನೇ ಇಸವಿಯ ನಂತರ ಬಂದವುಗಳಲ್ಲಿ ಗರಿ ಬಿಚ್ಚಿರುತ್ತದೆ.

"ಎಷ್ಟು ಚೆಂದ ಅಲ್ವಾ ಅಕ್ಕೋರೆ? ಒಂದು ಹಕ್ಕಿ ನೋಡಿದ್ರೆ ಸಾಕು, ಕಾಲ ಗೊತ್ತಾಗಿಬಿಡುತ್ತೆ."

"ಚೆಂದ ಇದೆ," ಅಂದರು ಅಕ್ಕೋರು. "ಅದಕ್ಕೇ ಸ್ವಲ್ಪ ಹುಷಾರು."

ಅಕ್ಕೋರ ಪಂಪ್‌ಹೌಸಿನಲ್ಲಿ ಒಂದು ಪದ್ಧತಿ ಇತ್ತು. ಹೊಸದಾಗಿ ಬಂದ ಪಾನಾವನ್ನು ಮೊದಲ ರಾತ್ರಿ ತೊಳೆಯುವಂತಿಲ್ಲ. ಹೇಗೆ ಬಂತೋ ಹಾಗೇ, ಮಣ್ಣು ಜಿಡ್ಡಿನ ಸಮೇತ ಹಲಗೆಯ ಮೇಲೆ ಮಲಗಬೇಕು.

"ಯಾಕೆ ಅಕ್ಕೋರೆ?"

"ದೂರದಿಂದ ಬಂದಿರ್ತದೆ ಪಾಪ. ಬಾಗಿಲಲ್ಲೇ ನಿಲ್ಲಿಸಿ ಸ್ನಾನ ಮಾಡು ಅಂದ್ರೆ ನಿಂಗೆ ಸಿಟ್ಟು ಬರಲ್ವಾ?"

ಹಾಲೇಶ ನಕ್ಕ. ಅಕ್ಕೋರು ತಮಾಷೆ ಮಾಡುತ್ತಿದ್ದಾರೆ ಅಂತ ಅಂದುಕೊಂಡ. ಅವನಿಗೆ ಅರ್ಥವಾಗದ್ದನ್ನೆಲ್ಲ ತಮಾಷೆಯ ಲೆಕ್ಕಕ್ಕೆ ಸೇರಿಸಿಬಿಡುವ ಅಭ್ಯಾಸವಿತ್ತು.

ಇನ್ನೊಂದು ವಿಷಯ. ಮೂಲೆಯ ಹಳೇ ಪಂಪಿನ ಕೊಳವೆ ಕೂಡುವ ಕಡೆ ನೀರು ತೊಟ್ಟಿಕ್ಕುತ್ತಿತ್ತು. ಕೆಳಗೊಂದು ಬಕೆಟ್ಟು ಇಟ್ಟಿದ್ದರು. ಟಪ್, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಪ್.

"ಆ ನಟ್ಟು ಒಂಚೂರು ಬಿಗಿ ಮಾಡೋ."

"ಯಾವುದರಲ್ಲಿ ಮಾಡ್ಲಿ ಅಕ್ಕೋರೆ?"

ಅಕ್ಕೋರು ಗೋಡೆಯ ಕಡೆ ತಿರುಗಿದರು. ಗೋಡೆ ತುಂಬ ಪಾನಾಗಳು ನೇತಾಡುತ್ತಿದ್ದವು.

"ಅಯ್ಯೋ, ಅವೆಲ್ಲ ಹಳೇವು, ಅಪರೂಪದವು. ಏನಾದ್ರೂ ಆದ್ರೆ? ಪೇಟೆಯಿಂದ ಒಂದು ಹೊಸದು ತರ್ತೀನಿ."

ಹಾಲೇಶ ಪ್ರತಿ ಸಲ ಪೇಟೆಗೆ ಹೋದಾಗಲೂ ಮರೆತು ಬರುತ್ತಿದ್ದ. ಪಾನಾಗಳಿಂದ ಗೋಡೆ ತುಂಬಿತ್ತು, ನೀರಿನಿಂದ ಬಕೆಟ್ಟು ತುಂಬುತ್ತಿತ್ತು.

ಅಕ್ಕೋರ ಕಣ್ಣು ಮಂಜಾಗುತ್ತಾ ಬಂತು. ಪಾನಾವನ್ನು ಕಿಟಕಿಯ ಹತ್ತಿರ ಒಯ್ಯುವರು, ಆಮೇಲೆ ಬಾಗಿಲಿಗೆ, ಆಮೇಲೆ ಹೊರಗೆ ಬಿಸಿಲಿಗೆ.

ಹಾಲೇಶನ ಮನಸ್ಸಿನಲ್ಲಿ ಒಂದು ಆಸೆ ಕೂತಿತ್ತು. ಕೇಳಲಿಕ್ಕೆ ನಾಚಿಕೆ, ಕೇಳದೆ ಇರಲಿಕ್ಕೆ ಆಗದು. ಒಂದು ಸಂಜೆ ಕೇಳಿಯೇಬಿಟ್ಟ.

"ಮುಂದೆ ಯಾರು ಹೇಳ್ತಾರೆ ಅಕ್ಕೋರೆ?"

"ಏನನ್ನ?"

"ಕಾಲಾನ."

"ಹೇಳೋರು ಬೇಕಾದಷ್ಟು ಜನ ಸಿಗ್ತಾರೆ," ಅಂದರು ಅಕ್ಕೋರು. "ನೀನು ಆ ನಟ್ಟು ಬಿಗಿ ಮಾಡು."

ಅಕ್ಕೋರು ಕಣ್ಣಿನ ಆಪರೇಷನ್ನಿಗೆ ದಾವಣಗೆರೆಗೆ ಹೋದರು. ಅವರು ವಾಪಸು ಬರಬೇಕಾದ ದಿನ ಬೆಳಗ್ಗೆ ಒಬ್ಬ ಹೆಂಗಸು ಪಂಪ್‌ಹೌಸಿಗೆ ಬಂದರು. ಹೆಸರು ಸರ್ವಮಂಗಳಾ, ಹೈಸ್ಕೂಲಿನಲ್ಲಿ ಹೆಡ್‌ಮಿಸ್ ಆಗಿದ್ದವರು. ಕೈಯಲ್ಲಿ ರೇಷ್ಮೆ ಬಟ್ಟೆಯಲ್ಲಿ ಸುತ್ತಿದ ಗಂಟು. ಕೂಸನ್ನು ಮಲಗಿಸುವ ಹಾಗೆ ಅದನ್ನು ಹಲಗೆಯ ಮೇಲೆ ಇಟ್ಟು ಬಿಚ್ಚಿದರು.

ಒಳಗೊಂದು ಸ್ಕ್ರೂ ಪಾನಾ. ಆಯುಧಪೂಜೆಯ ಕುಂಕುಮ, ಅರಿಶಿನ, ಎಣ್ಣೆ ವರ್ಷದ ಮೇಲೆ ವರ್ಷ ಕೂತು ಅದಕ್ಕೊಂದು ಕೆಂಪು ಚರ್ಮವೇ ಬಂದಿತ್ತು.

"ನಮ್ಮ ಅಪ್ಪಂದು," ಅಂದರು. "ಹತ್ತಿ ಮಿಲ್ಲಲ್ಲಿ ಫಿಟ್ಟರ್ ಆಗಿದ್ರು. ಅರವತ್ತೊಂದನೇ ಇಸವಿಯಲ್ಲಿ ತೀರಿಕೊಂಡ್ರು, ನಾನಿನ್ನೂ ತೊಟ್ಟಿಲಲ್ಲಿದ್ದೆ. ಒಂದು ಫೋಟೋ ಕೂಡ ಇಲ್ಲ. ಇದಿದೆ."

"ಮಿಲ್ಲು ಮುಚ್ಚಿದೆಯಲ್ಲ ಮೇಡಂ?"

"ಮುಚ್ಚಿ ಎಷ್ಟೋ ಕಾಲ ಆಯ್ತು. ಅಲ್ಲಿ ಕೆಲಸ ಮಾಡಿದೋರು ಸೇರಿ ಒಂದು ಕೋಣೆಯಲ್ಲಿ ಹಳೇ ಸಾಮಾನು ಜೋಡಿಸ್ತಿದಾರೆ. ಒಂದೊಂದರ ಕೆಳಗೆ ಇಂಥವರದ್ದು, ಇಂಥ ಕಾಲದ್ದು ಅಂತ ಬರೀತಾರಂತೆ. ನಾಳೆ ಉದ್ಘಾಟನೆ. ಅಪ್ಪನ ಹೆಸರು ಒಂದು ಕಡೆಯಾದ್ರೂ ಇರಲಿ ಅಂತ ಆಸೆ. ಕಾಲ ಮಾತ್ರ ಇಲ್ಲಿ ಕೇಳಿಕೊಂಡು ಬನ್ನಿ ಅಂದ್ರು."

"ಅಕ್ಕೋರು ಊರಲ್ಲಿಲ್ಲ," ಅಂದ ಹಾಲೇಶ.

ಆಕೆಯ ಮುಖ ಸಣ್ಣದಾಯಿತು.

"ಆದ್ರೆ ನಾನಿದೀನಿ."

ಮೊದಲ ರಾತ್ರಿಯ ಪದ್ಧತಿ ಅವನಿಗೆ ನೆನಪಿರಲಿಲ್ಲ ಅಂತಲ್ಲ. ಆಕೆಗೆ ಸಂಜೆಯ ಬಸ್ಸಿತ್ತು, ನಾಳೆ ಉದ್ಘಾಟನೆ ಇತ್ತು. ತಪ್ಪು ಮಾಡುವವನಿಗೆ ಕಾರಣ ಯಾವಾಗಲೂ ಹತ್ತಿರದಲ್ಲೇ ಸಿಗುತ್ತದೆ.

"ಕುಂಕುಮ ತೆಗೀಲೇಬೇಕಾ?" ಅಂತ ಆಕೆ ಕೇಳಿದರು.

"ಗುರುತು ಅದರ ಕೆಳಗಿದೆ ಮೇಡಂ."

ಪಾನಾದ ಬಾಲದ ತೂತಿನಲ್ಲಿ ಒಂದು ಕೊಳಕು ಚಿಂದಿ ಕಟ್ಟಿತ್ತು. ಅದನ್ನು ಕತ್ತರಿಸಿ ಕಸದ ಬುಟ್ಟಿಗೆ ಹಾಕಿದ. ಪಾನಾವನ್ನು ಸೀಮೆಎಣ್ಣೆಯಲ್ಲಿ ನೆನೆಸಿದ. ತಂತಿ ಬ್ರಷ್ಷು ಹಿಡಿದು ಉಜ್ಜಿದ. ಕೆಂಪು ನೀರು ಹರಿದು ಮೆಟ್ಟಿಲ ತನಕ ಹೋಯಿತು. ಆಕೆ ಆ ಕಡೆ ನೋಡದೆ ಹೊಳೆಯ ಕಡೆ ಮುಖ ಮಾಡಿ ಕೂತಿದ್ದರು.

ಹಿಡಿಯ ಮೇಲೆ ನವಿಲು ಕಂಡಿತು.

ಗರಿ ಬಿಚ್ಚಿತ್ತು.

ಹಾಲೇಶನಿಗೆ ಖುಷಿಯಾಯಿತು. ಒಂದೇ ಉಸಿರಿಗೆ ಹೇಳಿದ: "ಎಪ್ಪತ್ತರ ನಂತರದ್ದು ಮೇಡಂ. ಅನುಮಾನವೇ ಇಲ್ಲ. ಉರುಳೆಯ ಮರೆ ಅದನ್ನೇ ಹೇಳುತ್ತೆ, ಬಾಲದ ತೂತು ಅದನ್ನೇ ಹೇಳುತ್ತೆ. ಹಿಡಿ, ಬಾಯಿ ಎರಡೂ ಒಂದೇ ಕಾಲದ್ದು. ಏನೂ ಬದಲಾಯಿಸಿಲ್ಲ."

"ಅಪ್ಪ ಹೋಗಿದ್ದು ಅರವತ್ತೊಂದರಲ್ಲಿ."

ಹಾಲೇಶ ಬ್ರಷ್ಷು ಕೆಳಗಿಟ್ಟ. ಅವನ ಖುಷಿ ಎಲ್ಲಿ ಹೋಯಿತೋ.

"ಹಂಗಾದ್ರೆ ಅವರು ಇದನ್ನ ಮುಟ್ಟಿರೋಕೆ ಸಾಧ್ಯ ಇಲ್ಲ," ಅಂದ, ಮೆಲ್ಲಗೆ.

ಅವನು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

"ಅವ್ವ ಹೋದ ವರ್ಷ ತೀರಿಕೊಂಡ್ಲು," ಅಂದರು ಸರ್ವಮಂಗಳಾ. "ಇಲ್ಲದಿದ್ರೆ ಅವಳನ್ನೇ ಕೇಳ್ತಿದ್ದೆ. ಪ್ರತಿ ಹಬ್ಬಕ್ಕೂ ಇದರ ಮುಂದೆ ನನ್ನ ಕೂರಿಸಿ, ಅಪ್ಪನ ಕೈ ಇದು, ಅಡ್ಡ ಬೀಳು ಅಂತಿದ್ಲು. ನಾನು ಈ ವಯಸ್ಸಿನ ತನಕ ಅಡ್ಡ ಬಿದ್ದೆ. ಯಾವ ಗುಜರಿಯಿಂದ ತಂದಿದ್ಲೋ."

ಆಕೆ ಪಾನಾವನ್ನು ತೆಗೆದುಕೊಂಡರು. ರೇಷ್ಮೆ ಬಟ್ಟೆಯನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದು ಹೊಳೆಯ ಕಡೆ ನಡೆದರು.

ಹಾಲೇಶನಿಗೆ ತಡೆಯಬೇಕು ಅನಿಸಿತು. ಯಾವ ಮಾತಿನಿಂದ ತಡೆಯುವುದು ಅಂತ ತಿಳಿಯಲಿಲ್ಲ. ಗೊತ್ತಿದ್ದದ್ದನ್ನೆಲ್ಲ ಹೇಳಿ ಮುಗಿಸಿದ್ದ.

ಅಷ್ಟರಲ್ಲಿ ಬಸ್ಸಿಳಿದು ಅಕ್ಕೋರು ದಂಡೆಯ ದಾರಿಯಲ್ಲಿ ಬಂದರು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಕಣ್ಣು ಮೊದಲಿನಿಂದಲೂ ಮಂಜು. ಕೋಲಿನಲ್ಲಿ ಮೆಟ್ಟಿಲು ತಡವುತ್ತಾ ನಿಂತರು.

"ಹೊಳೆಗೆ ಏನು ಕೊಡ್ತಿದೀರಿ ತಾಯಿ?"

"ನಂದಲ್ಲದ್ದು."

"ಅದು ಹೊಳೇದೂ ಅಲ್ಲವಲ್ಲ. ಒಂದು ಸಲ ನನ್ನ ಕೈಗೆ ಕೊಡಿ. ಆಮೇಲೆ ನಾನೇ ಎಸೀತೀನಿ. ನಂಗೆ ದೂರ ಎಸೆಯೋದು ಚೆನ್ನಾಗಿ ಬರುತ್ತೆ."

ಸರ್ವಮಂಗಳಾ ಕೊಟ್ಟರು. ಅಕ್ಕೋರು ಮೆಟ್ಟಿಲ ಮೇಲೆ ಕೂತು ಪಾನಾವನ್ನು ಮೂಗಿನ ಹತ್ತಿರ ಹಿಡಿದರು.

"ಸ್ನಾನ ಆಗಿದೆ," ಅಂದರು.

ಹಾಲೇಶ ತಲೆ ತಗ್ಗಿಸಿದ. ಅಕ್ಕೋರು ಅದರ ಬಗ್ಗೆ ಮತ್ತೆ ಮಾತೆತ್ತಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

"ಏನು ನೋಡಿದೆ? ಹೇಳು."

ಅವನು ಹೇಳಿದ. ನವಿಲು, ಮರೆ, ತೂತು, ಕಾಲ. ಆಕೆಯ ಅಪ್ಪ ತೀರಿಕೊಂಡ ವರ್ಷ.

"ಸರಿಯಾಗಿದೆ," ಅಂದರು ಅಕ್ಕೋರು.

"ನೀವೂ ಅದನ್ನೇ ಹೇಳ್ತೀರಾ?" ಅಂದರು ಸರ್ವಮಂಗಳಾ.

"ನವಿಲು ಸುಳ್ಳು ಹೇಳಲ್ಲ ತಾಯಿ. ಆದ್ರೆ ಅದು ಕೂತಿರೋದು ಹೊಸಿಲ ಮೇಲೆ. ಮನೆಗೆ ಆಮೇಲೆ ಯಾರು ಬಂದ್ರು, ಯಾರು ಹೋದ್ರು ಅಂತ ಅದಕ್ಕೇನು ಗೊತ್ತು?"

ಅಕ್ಕೋರ ಬೆರಳುಗಳು ಹಿಡಿಯ ಮೇಲೆ ನಿಧಾನವಾಗಿ ಹರಿದವು. ಬಾಲದ ತೂತಿನ ಹತ್ತಿರ ನಿಂತವು, ಮುಂದೆ ಹೋದವು, ಮತ್ತೆ ಅಲ್ಲಿಗೇ ಬಂದವು. ಉರುಳೆಯ ಸ್ಕ್ರೂ ಬಿಚ್ಚಿ, ಜಾರುವ ತುಟಿಯನ್ನು ಹೊರಗೆಳೆದರು. ತುಟಿ ಕೂರುವ ತೋಡಿನೊಳಗೆ, ಯಾವ ಬ್ರಷ್ಷೂ ಹೋಗದ ಮೂಲೆಯಲ್ಲಿ, ಏನೋ ಗಟ್ಟಿಯಾಗಿ ಅಂಟಿಕೊಂಡಿತ್ತು. ತುರುಬಿನಿಂದ ಪಿನ್ನು ತೆಗೆದು ಅದನ್ನು ಮೀಟಿದರು. ಕಡಲೆಬೇಳೆಯಷ್ಟು ಒಂದು ಹಕ್ಕಳೆ ಅಂಗೈಗೆ ಬಿತ್ತು.

"ನಂಗೆ ಕಾಣಲ್ಲ," ಅಂದರು. "ಹಾಲೇಶ, ನಿನ್ನ ಭೂತಗನ್ನಡಿ ತಗೊಂಡು ಬಾ. ಇದರ ಅಂಚು ಓದು."

ಹಾಲೇಶ ಬಗ್ಗಿ ನೋಡಿದ.

"ಕೆಂಪು," ಅಂದ.

"ಅದರ ಕೆಳಗೆ?"

"ಕಪ್ಪು. ಮತ್ತೆ ಕೆಂಪು. ಮತ್ತೆ ಕಪ್ಪು. ಹಂಗೇ ಕೆಳಗಿನ ತನಕ ಹೋಗಿದೆ ಅಕ್ಕೋರೆ."

"ಕೆಂಪು ಏನು?"

"ಹಬ್ಬದ ಕುಂಕುಮ."

"ಕಪ್ಪು?"

"ಗ್ರೀಸು." ಅವನು ಇನ್ನೂ ಹತ್ತಿರ ಬಗ್ಗಿದ. "ಕಪ್ಪಿನ ಒಳಗೆ ಬಿಳೀ ನಾರು ಸಿಕ್ಕಿಕೊಂಡಿದೆ. ಹತ್ತಿ."

"ಪೂಜೆಗೆ ಮಾತ್ರ ಇಟ್ಟ ಪಾನಾದಲ್ಲಿ ಏನಿರಬೇಕಿತ್ತು?"

"ಬರೀ ಕೆಂಪು. ಕುಂಕುಮದ ಮೇಲೆ ಕುಂಕುಮ."

"ಮತ್ತೆ ಎರಡು ಹಬ್ಬದ ನಡುವೆ ಇದಕ್ಕೆ ಹತ್ತಿ ಮಿಲ್ಲಿನ ಗ್ರೀಸು ಎಲ್ಲಿಂದ ಬಂತು?"

ಸರ್ವಮಂಗಳಾ ಒಂದು ಮೆಟ್ಟಿಲು ಮೇಲೆ ಬಂದು ಅಕ್ಕೋರ ಪಕ್ಕದಲ್ಲಿ ಕೂತರು.

"ಈ ಬಾಲದ ತೂತಿನ ಅಂಚು ಬೆಣ್ಣೆ ಹಂಗೆ ನುಣ್ಣಗಿದೆ," ಅಂದರು ಅಕ್ಕೋರು. "ಮೊಳೆಗೆ ತೂಗುಹಾಕಿದ್ರೆ ಗೀರು ಬೀಳ್ತಿತ್ತು. ಇದರಲ್ಲಿ ಬಟ್ಟೆ ಏನಾದ್ರೂ ಕಟ್ಟಿತ್ತಾ?"

"ಒಂದು ಚಿಂದಿ ಇತ್ತು. ಕತ್ತರಿಸಿ ಹಾಕಿದೆ."

"ತಗೊಂಡು ಬಾ."

ಹಾಲೇಶ ಕಸದ ಬುಟ್ಟಿ ಬೋರಲು ಹಾಕಿ ಕೆದಕಿ ತಂದ. ಜಿಡ್ಡಿನಲ್ಲಿ ಕಪ್ಪಾದ ಹೊಸೆದ ಬಟ್ಟೆ, ತುದಿಯಲ್ಲಿ ಗಂಟು. ಅಕ್ಕೋರು ಗಂಟನ್ನು ಉಗುರಿನಿಂದ ಸಡಿಲಿಸಿದರು. ಮಡಿಕೆಯ ಒಳಗೆ ಬಣ್ಣ ಇನ್ನೂ ಉಳಿದಿತ್ತು. ಹಸಿರು, ಹಸಿರಿನ ಪಕ್ಕದಲ್ಲಿ ಕೆಂಪು ಚೌಕಳಿ.

ಸರ್ವಮಂಗಳಾ ಕೈ ಚಾಚಿ ಅದನ್ನು ತೆಗೆದುಕೊಂಡರು.

"ಇದು ಅವ್ವನ ಸೀರೆ ಅಂಚು."

"ಕುಣಿಕೆ ಎಷ್ಟುದ್ದ ಇತ್ತು ಹಾಲೇಶ?"

"ಮೊಳದಷ್ಟು. ಯಾಕೆ ಅಷ್ಟುದ್ದ ಅಂತ ನಾನೂ ಅಂದುಕೊಂಡೆ."

ಅಕ್ಕೋರು ತಮ್ಮ ಸೊಂಟ ಮುಟ್ಟಿದರು. ಅಲ್ಲಿ ಪಂಪ್‌ಹೌಸಿನ ಬೀಗದ ಕೈ ಒಂದು ಉದ್ದ ಕುಣಿಕೆಯಲ್ಲಿ ಸಿಕ್ಕಿಸಿಕೊಂಡಿತ್ತು.

"ಫಿಟ್ಟರ್ ಗಂಡಸಾದ್ರೆ ಪಾನಾನ ಪ್ಯಾಂಟಿನ ಜೇಬಿಗೆ ತುರುಕಿಕೊಳ್ತಾನೆ," ಅಂದರು. "ಸೀರೆಗೆ ಜೇಬಿಲ್ಲ."

ಒಳಗೆ ಬಕೆಟ್ಟಿಗೆ ನೀರು ಬೀಳುವುದು ಕೇಳುತ್ತಿತ್ತು.

"ಅಪ್ಪ ಹೋದ ಮೇಲೆ ಮಿಲ್ಲಿನೋರು ಅವ್ವನಿಗೆ ಕೆಲಸ ಕೊಟ್ರು," ಅಂದರು ಸರ್ವಮಂಗಳಾ. "ಕಸ ಗುಡಿಸೋ ಕೆಲಸ. ಹಂಗಂತಲೇ ಹೇಳ್ತಿದ್ಲು. ನಾನು ಹಾಸ್ಟೆಲಲ್ಲಿದ್ದೆ, ಬರ್ತಿದ್ದದ್ದು ದಸರೆಗೆ, ಬೇಸಿಗೆಗೆ. ಅವಳ ಕೈ ಯಾವಾಗ್ಲೂ ಸೀಮೆಎಣ್ಣೆ ವಾಸನೆ. ಒಲೆ ಹಚ್ಚಿದ್ದು ಅಂತಿದ್ಲು."

"ಹೂಂ."

"ನಮ್ಮನೇಲಿ ಸೀಮೆಎಣ್ಣೆ ಒಲೆ ಇರಲೇ ಇಲ್ಲ."

ಆಕೆ ಸಣ್ಣಗೆ ನಕ್ಕರು. ಆಮೇಲೆ ಕಣ್ಣೊರೆಸಿಕೊಂಡರು, ಸೀರೆಯ ಚೂರಿನಿಂದಲ್ಲ, ತಮ್ಮ ಸೆರಗಿನಿಂದ.

"ಮಗ್ಗದ ಮೇಲೆ ಏರಿ ನಟ್ಟು ಬಿಗಿ ಮಾಡೋ ಹೆಂಗಸಿನ ಮಗಳನ್ನ ಯಾರು ಮದುವೆ ಆಗ್ತಾರೆ ಅಂತ ಹೆದರಿದ್ಲಾ? ಅಥವಾ ನಂಗೆ ಅಪ್ಪ ಇರಲಿ ಅಂತ ಹಂಗೆ ಹೇಳಿದ್ಲಾ?"

"ಗೊತ್ತಿಲ್ಲ ತಾಯಿ. ಹಿಡಿದೋರು ಎಂಥವರು ಅಂತ ಪಾನಾ ಹೇಳುತ್ತೆ. ಅವರ ಮನಸ್ಸಲ್ಲಿ ಏನಿತ್ತು ಅಂತ ಹೇಳಲ್ಲ. ಅವ್ವ ಅನ್ನೋ ಮಾತು ಕೂಡ ನಂದಲ್ಲ, ನೀವೇ ಹೇಳಿದ್ದು."

ಸರ್ವಮಂಗಳಾ ಸೀರೆಯ ಅಂಚನ್ನು ಮತ್ತೆ ನೋಡಿದರು.

"ಪಾರಿಜಾತವ್ವ," ಅಂದರು. "ಅವಳ ಹೆಸರು. ನಾಳೆ ಅದನ್ನೇ ಬರೆಸ್ತೀನಿ. ಫಿಟ್ಟರ್ ಪಾರಿಜಾತವ್ವ."

ಅಕ್ಕೋರು ಪಾನಾದ ತುಟಿ ಕೂರಿಸಿ, ಸ್ಕ್ರೂ ಬಿಗಿದು, ಉರುಳೆ ತಿರುಗಿಸಿ ನೋಡಿ, ಆಕೆಯ ಕೈಗೆ ಕೊಟ್ಟರು. ಸೀರೆಯ ಅಂಚನ್ನು ಆಕೆಯೇ ಬಾಲದ ತೂತಿಗೆ ಮತ್ತೆ ಪೋಣಿಸಿದರು. ಹಾಲೇಶ ಕತ್ತರಿಸಿದ ಕಡೆ ಹೊಸ ಗಂಟು ಹಾಕಬೇಕಾಯಿತು. ಕುಣಿಕೆ ಸ್ವಲ್ಪ ಗಿಡ್ಡವಾಯಿತು.

"ಅಕ್ಕೋರೆ," ಅಂದ ಹಾಲೇಶ, "ನಾನು ಎಲ್ಲಾ ತೊಳೆದುಬಿಟ್ಟೆ."

"ಹೂಂ. ತೊಳೆದೆ."

"ಅದು ಮತ್ತೆ ಬರಲ್ಲ."

"ಬರಲ್ಲ."

ಹಾಲೇಶ ಸರ್ವಮಂಗಳಾರ ಕಡೆ ತಿರುಗಿ ಕೈ ಮುಗಿದ.

"ಇರಲಿ ಬಿಡಪ್ಪ," ಅಂದರು ಆಕೆ. "ನೀನು ತೊಳೀದಿದ್ರೆ ನಾನು ಅಪ್ಪನ ಹೆಸರು ಬರೆಸಿ ಮನೆಗೆ ಹೋಗಿ ಮಲಗ್ತಿದ್ದೆ. ಈಗ ಕಾಲ ಒಂದು ಹೇಳಿಬಿಡು, ಹೆಸರಿನ ಪಕ್ಕ ಬರೆಸ್ಬೇಕು."

ಬೆಳಗ್ಗೆ ಒಂದೇ ಉಸಿರಿಗೆ ಹೇಳಿದವನು ಈಗ ಪಾನಾದ ಕಡೆ ಬಗ್ಗಿದ. ನವಿಲನ್ನು ನೋಡಿದ. ಕುಣಿಕೆಯನ್ನು ನೋಡಿದ. ಅಕ್ಕೋರ ಅಂಗೈಯಲ್ಲಿ ಇನ್ನೂ ಉಳಿದಿದ್ದ ಹಕ್ಕಳೆಯನ್ನು ನೋಡಿದ.

ಒಳಗೆ ನೀರು ಬಿತ್ತು. ಟಪ್.

"ಅದೇನದು ಆಗಿನಿಂದ?" ಅಂದರು ಸರ್ವಮಂಗಳಾ.

"ಒಂದು ನಟ್ಟು ಸಡಿಲಾಗಿದೆ," ಅಂದರು ಅಕ್ಕೋರು. "ಪಾಪ, ನಮ್ಮಲ್ಲಿ ಪಾನಾ ಇಲ್ಲ."

ಸರ್ವಮಂಗಳಾ ಬಾಗಿಲಿನಿಂದ ಒಳಗೆ ಇಣುಕಿದರು. ಗೋಡೆ ತುಂಬ ನೇತಾಡುವ ಪಾನಾಗಳನ್ನು ನೋಡಿದರು. ಹಾಲೇಶನ ಮುಖ ನೋಡಿದರು. ಹೆಡ್‌ಮಿಸ್ ಆಗಿದ್ದವರು, ಬಿಡಿಸಿ ಹೇಳುವುದು ಬೇಕಾಗಲಿಲ್ಲ.

ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವ್ವನ ಪಾನಾ ಹಿಡಿದು ಒಳಗೆ ಹೋದರು. ಅಭ್ಯಾಸವಿಲ್ಲದ ಕೈ, ಉರುಳೆ ತಪ್ಪು ದಿಕ್ಕಿಗೆ ತಿರುಗಿತು. ಹಾಲೇಶ ತೋರಿಸಲು ಮುಂದೆ ಬಂದ. ಅಕ್ಕೋರ ಕೋಲು ಅಡ್ಡ ಬಂತು. ಆಕೆ ಮತ್ತೆ ತಿರುಗಿಸಿದರು. ಪಾನಾದ ಬಾಯಿ ಕುಗ್ಗಿ ನಟ್ಟನ್ನು ಕಚ್ಚಿತು. ಎರಡೂ ಕೈ ಹಾಕಿ, ಮೈಭಾರ ಬಿಟ್ಟು ಎಳೆದರು. ತುಕ್ಕು ಉದುರಿತು. ನಟ್ಟು ಕಿರ್ರೆಂದು, ಒಂದು ಕೂದಲೆಳೆಯಷ್ಟು ತಿರುಗಿತು. ಮತ್ತೊಂದಿಷ್ಟು.

ಆಕೆಯ ಅಂಗೈಗೆ ಕಪ್ಪು ಹತ್ತಿತ್ತು. ಒರೆಸಿಕೊಳ್ಳದೆ ಅದನ್ನೇ ನೋಡುತ್ತಾ ನಿಂತರು.

ಹಾಲೇಶ ಅಕ್ಕೋರ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ.

"ಇದು ಯಾವ ಕಾಲದ್ದು ಅಂತ ಹೇಳ್ಲಿ, ಅಕ್ಕೋರೆ?"

ಅಕ್ಕೋರು ಪಟ್ಟಿ ಕಟ್ಟಿದ ಕಣ್ಣನ್ನು ಪಂಪಿನ ಕಡೆ ತಿರುಗಿಸಿ ಕಿವಿಗೊಟ್ಟರು.

"ನೀರು ನಿಂತಿತಾ?"

"ನಿಂತಿತು."

"ಹಂಗಾದ್ರೆ ಇವತ್ತಿನದು."